ಡಿಸ್ಕ್ ಬಿಚ್ಚಿದ ಮೇಲೆ ಬಂದ ಫೋಟೊ

ಅದು 2010ರ ದಸರೆ ಮುಗಿದ ವಾರ. ಚಿಕ್ಕೋಡಿಯ ನನ್ನ ರಿಪೇರಿ ಅಂಗಡಿಗೆ ಅಂಕಲಿಯ ಸುಜಾತಾ ಮಟಮಟ ಮಧ್ಯಾಹ್ನ ಹಳೇ ಕಂಪ್ಯೂಟರ್ ಹೊತ್ತು ತಂದಳು. ಅವಳ ಗಂಡ ತೀರಿ ವರ್ಷವಾಗಿತ್ತು. ಅವನ ಫೋಟೊಗಳೆಲ್ಲ ಅದರೊಳಗೇ ಇದ್ದವು, ಮನೆಯಲ್ಲಿ ಒಂದೂ ಇರಲಿಲ್ಲ.

"ಒಂದರ ತಗದ ಕೊಡ್ರಿ ಅಣ್ಣಾ. ಮಗಳು ಅಪ್ಪನ ಮಾರಿ ಮರಿಯಾಕತ್ತಾಳ."

ಫೋಟೊಗಳಿದ್ದ ಹಾರ್ಡ್ ಡಿಸ್ಕ್ ಪೂರಾ ಸತ್ತಿತ್ತು. ಬಿಚ್ಚಿ ಅವಳ ಕೈಗಿಟ್ಟೆ.

"ಫೋಟೊದ ಆಸೆ ಬಿಡ್ರಿ ಅಕ್ಕಾ. ಲಿನಕ್ಸ್ ಸಿಡಿ ಹಾಕಿ ಕೊಡ್ತೀನಿ, ಮಗಳು ಟೈಪಿಂಗರ ಕಲೀಲಿ. ಮುದಿ ಎತ್ತಿಗೆ ಹಗುರ ನೊಗ ಹೂಡಿದಂಗ್ರಿ."

ಕಂಪ್ಯೂಟರ್ ನಡೆಸುವ ಆ ಲಿನಕ್ಸ್ ತಂತ್ರಾಂಶಕ್ಕೆ ಡಿಸ್ಕೇ ಬೇಡ, ಸಿಡಿಯೊಂದರಿಂದಲೇ ನಡೆಯುತ್ತದೆ. ಸಿಡಿ ತಿರುಗಿದ್ದೇ ತಡ, ಸುಜಾತಾ ಚೀರಿ ಡಿಸ್ಕನ್ನು ಮೇಜಿನ ಮೇಲೆ ಬಿಟ್ಟಳು.

"ಇದು ನಡಗಾಕತ್ತೇತ್ರಿ!"

ಮುಟ್ಟಿ ನೋಡಿದೆ. ಒಂದು ವಯರೂ ಇಲ್ಲದ ಡಿಸ್ಕ್ ಒಳಗೊಳಗೇ ಗಿರಗುಟ್ಟುತ್ತಿತ್ತು. ಜ್ವರ ಬಂದ ಮೈಯಂತೆ ಬಿಸಿಯಾಗಿತ್ತು.

ಅಷ್ಟರಲ್ಲಿ ಪರದೆಯ ಮೇಲೆ ಅವಳ ಗಂಡನ ಫೋಟೊ ಬಂತು. ಹಸಿರು ಗೆರೆಯ ಹೊಸ ಅಂಗಿ ತೊಟ್ಟಿದ್ದ. ಅಂಗಿಯ ಮಡಿಕೆಗಳು ಇನ್ನೂ ಬಿಟ್ಟಿರಲಿಲ್ಲ.

"ಸಿಕ್ತಲ್ರಿ ಅಕ್ಕಾ!" ಅಂದೆ.

ಅವಳು ಗೋಡೆಗೆ ಆತು ನಿಂತಿದ್ದಳು. "ಆ ಅಂಗಿ ಮೊನ್ನೆ ಹಿರಿಯರ ಹಬ್ಬಕ್ಕ ನಮ್ಮ ಮನಿಯವರ ಹೆಸರಲೆ ತಂದು ಎಡಿ ಮುಂದ ಇಟ್ಟದ್ದರಿ. ತೊಡೋರಿಲ್ಲಂತ ಟ್ರಂಕಿನಾಗ ಇಟ್ಟೀನಿ. ಪಾಕೀಟ ಸೈತ ಒಡದಿಲ್ಲ."

ನಂಬದೆ ಅವಳೊಂದಿಗೆ ಅಂಕಲಿಯ ಅವಳ ಮನೆಗೇ ಹೋದೆ. ಪಾಕೀಟಿನ ಅಂಟು ಬಿಟ್ಟಿರಲಿಲ್ಲ, ನಾನೇ ಹರಿದೆ. ಒಳಗೆ ಅದೇ ಹಸಿರು ಗೆರೆಯ ಅಂಗಿ. ಕಾಲರಿನ ಒಳಗೆ ಬೆವರಿನ ಹಸಿ ಇನ್ನೂ ಆರಿರಲಿಲ್ಲ.

ಮಗಳು ಅದನ್ನು ಇಸಕೊಂಡು ಮೂಸಿ, "ಅಪ್ಪಂದ" ಅಂದಳು.