ಅಕ್ಕ ಬಿಟ್ಟುಹೋದ ವಿಳಾಸ

ಮಾರ್ಚ್ ಆರು, ಬೆಳಿಗ್ಗೆ ಹತ್ತೂವರೆ. ದೂರು ಕೊಡಲು ಬಂದ ಶಾಲಾ ಟೀಚರ್, ಇನ್‌ಸ್ಪೆಕ್ಟರ್ ಮಹಿಳಾ ಪೇದೆಯನ್ನು ಪಕ್ಕದಲ್ಲಿ ಕೂರಿಸಿದ ಮೇಲೇ ಬಾಯಿ ಬಿಟ್ಟರು.

"ನಮ್ಮಕ್ಕನ ಹೆಸರಲ್ಲಿ ಯಾರೋ ನನಗೆ ಇಮೇಲ್ ಬರೀತಿದ್ದಾರೆ ಸಾರ್. ಒಂದು ವರ್ಷದಿಂದ."

"ಫೋನ್ ಮಾಡಿ ಕೇಳಲಿಲ್ವಾ?"

"ಫೋನ್ ಬೇಡ, ಬರೀತಾ ಇರು ಅಂತ ಬಂದಿತ್ತು. ಅಕ್ಕ ಮೊದಲೂ ನನ್ನ ಫೋನ್ ಎತ್ತುತ್ತಿರಲಿಲ್ಲ. ಮೊನ್ನೆ ನೆಂಟರ ಮನೇಲಿ ಸಿಕ್ಕಳು. ಆಪರೇಷನ್ ಟೈಮಲ್ಲಿ ನಿನ್ನ ಮಾತೇ ಧೈರ್ಯ ಕೊಡ್ತು ಕಣೇ ಅಂದೆ. ಯಾವ ಆಪರೇಷನ್ ಅಂದಳು."

ಎದೆಯಲ್ಲಿ ಗಂಟು, ಗಂಡನ ಮುಂದೂ ಆಡದ ಭಯ, ಎಲ್ಲ ಬರೆದಿದ್ದರು. ಅದನ್ನೆಲ್ಲ ಓದಿದ್ದು ಯಾರು? ಆ ಒಂದು ಪ್ರಶ್ನೆ ಅವರನ್ನು ಹಣ್ಣು ಮಾಡಿತ್ತು.

ಸೋಗು ಹಾಕಿ ವಂಚಿಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಹೇಳಿಕೆಯನ್ನು ಓದಿ ಹೇಳಿ ಸಹಿ ಪಡೆಯುವುದು ಠಾಣೆಯ ರೂಢಿ. ಪೇದೆಯದು ಕವಾಯತಿನ ಗಂಟಲು. "ಎದೆಯ ಗಂಟಿನ ವಿಚಾರವಾಗಿ" ಎನ್ನುವಷ್ಟರಲ್ಲಿ ಹೊರಗೆ ಕಾದಿದ್ದವರೆಲ್ಲ ಕಿವಿ ನಿಮಿರಿಸಿದರು. ಟೀಚರ್ ಕೈಚೀಲವನ್ನು ಎದೆಗೊತ್ತಿಕೊಂಡರು. ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು. "ಸಾಕಮ್ಮ, ಅವರೇ ಓದ್ಕೊಳ್ಳಲಿ" ಎಂದದ್ದು ಬಹಳ ತಡವಾಗಿ.

ಅಕ್ಕ ಬ್ಯಾಂಕ್ ಮ್ಯಾನೇಜರ್. ಗಡಿಯಾರ ನೋಡುತ್ತಲೇ ಉತ್ತರಿಸಿದರು.

"ಆ ಇಮೇಲ್ ತೆರೆಯೋದನ್ನ ಬಿಟ್ಟು ಎಷ್ಟೋ ಕಾಲ ಆಯ್ತು."

"ಹೊಸ ವಿಳಾಸ ತಂಗಿಗೆ ಕೊಡಲಿಲ್ವಾ?"

"ಕೊಟ್ಟರೆ ಅವಳ ಗೋಳು ಮತ್ತೆ ಶುರು. ಕೇಳಿ ಕೇಳಿ ಸಾಕಾಗಿತ್ತು."

ಇಮೇಲ್ ಕಂಪನಿಯ ಉತ್ತರ ಹತ್ತು ದಿನದ ಮೇಲೆ ಬಂತು: ಬಳಸದೆ ಬಿಟ್ಟ ವಿಳಾಸವನ್ನು ಕೇಳಿದವರಿಗೆ ಕೊಡುತ್ತೇವೆ, ನಿಯಮದಲ್ಲೇ ಇದೆ. ಬಾಡಿಗೆ ಮನೆಯಾಗಿದ್ದರೆ ಹಳಬರು ಖಾಲಿ ಮಾಡಿದರೆಂದು ಪಕ್ಕದ ಮನೆಯವರಾದರೂ ಹೇಳುತ್ತಿದ್ದರು. ಇಲ್ಲಿ ಹೇಳುವವರೇ ಇರಲಿಲ್ಲ. ಹೊಸ ಒಡತಿ ಕನ್ನಡಕದ ಅಂಗಡಿಯ ಕೆಲಸದಾಕೆ. ಆಕೆಯ ಹೆಸರೂ ಅಕ್ಕನದೇ, ಅದಕ್ಕೇ ಆ ವಿಳಾಸ ಕೇಳಿ ಪಡೆದಿದ್ದಳು.

ಅಂಗಡಿಯಲ್ಲಿ ಪಂಚನಾಮೆ ಬರೆದು ಆಕೆಯ ಫೋನ್ ವಶಪಡಿಸಿಕೊಂಡರು.

"ನಾನು ಅವಳಲ್ಲ ಅಂತ ಯಾಕೆ ಬರೀಲಿಲ್ಲ?"

"ಬರೆಯೋಣ ಅಂತಲೇ ಕೂತೆ ಸಾರ್. 'ಅಕ್ಕಾ, ಗಂಟು ಅಂದಿದ್ದಾರೆ, ಈ ಸಲನಾದ್ರೂ ಉತ್ತರ ಕೊಡು' ಅಂತಿತ್ತು. ಏನೂ ಆಗಲ್ಲ ಕಣೇ ಅಂತ ಬರೆದುಬಿಟ್ಟೆ. ಆಮೇಲೆ ಬಿಡೋಕಾಗಲಿಲ್ಲ. ನನಗೆ ಒಡಹುಟ್ಟಿದೋರು ಯಾರೂ ಇಲ್ಲ."

"ಬೇರೆಯವರ ಗುಟ್ಟಲ್ವೇನಮ್ಮ ಅದು?"

"ಹೌದು ಸಾರ್. ಮುಖ ಎತ್ತೋಕಾಗ್ತಿಲ್ಲ."

ಸಂಜೆ ನಾಲ್ಕಕ್ಕೆ ಬಂಧನ. ಠಾಣೆಗೆ ಕರೆತಂದಾಗ, ಬಾಕಿ ಉಳಿದಿದ್ದ ಹೇಳಿಕೆಯ ಸಹಿಗೆ ಬಂದ ಅಕ್ಕ, ಜೊತೆಗೆ ತಂಗಿ, ಇಬ್ಬರೂ ಬೆಂಚಿನ ಮೇಲಿದ್ದರು. ಅಂಗಡಿಯಾಕೆ ತಲೆ ತಗ್ಗಿಸಿಕೊಂಡೇ ಟೀಚರನ್ನು ಕೇಳಿದಳು.

"ಮಂಗಳವಾರ ಚೆಕಪ್ ರಿಪೋರ್ಟ್ ಬರೋದಿತ್ತಲ್ಲ. ಏನಂತೆ?"

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಮುಖ ತಿರುಗಿಸಿಕೊಂಡರು. ಗೋಡೆಗೆ ಹೇಳಿದಂತೆ, "ಏನೂ ಇಲ್ವಂತೆ" ಎಂದರು. ಆಕೆ ಸೆರೆಕೋಣೆಯ ಬಾಗಿಲಲ್ಲೇ ಅತ್ತುಬಿಟ್ಟಳು.

"ಯಾವ ರಿಪೋರ್ಟೇ?" ಎಂದರು ಅಕ್ಕ.

ಪೇದೆ ಅಕ್ಕನ ಹೇಳಿಕೆಯನ್ನು ಓದಿ ಹೇಳಲು ಎತ್ತಿಕೊಂಡಳು. ಇನ್‌ಸ್ಪೆಕ್ಟರ್ ಬೇಡವೆಂದು ಕೈಯಲ್ಲಾಡಿಸಿ, 'ಅವಳ ಗೋಳು' ಎಂದಿದ್ದ ಸಾಲು ತಂಗಿಯ ಕಣ್ಣಿಗೆ ಬೀಳದಂತೆ ಕಾಗದವನ್ನು ಮಡಿಸಿದರು.