ಒಬ್ಬರ ವಿಮಾನಕ್ಕೆ ಎರಡು ಹೆಸರು

ಫೈಲ್ ಕಳಿಸಿ, ಚಹಾದ ಕಪ್ಪು ಕೈಗೆತ್ತಿಕೊಂಡ ಮೇಲೆ ಮಹಾನಂದಾಳಿಗೆ ನೆನಪಾಯಿತು: ಆ ಒಂದು ಲೇಯರ್ ಮುಚ್ಚಿರಲಿಲ್ಲ.

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಕ್ಕಾಗಿ ನಾಲ್ಕು ತಿಂಗಳಿಂದ ಅವಳು ಹಳೆಯ ನ್ಯಾಟ್ ಯುದ್ಧವಿಮಾನಕ್ಕೆ ಬಣ್ಣ ಹಚ್ಚುತ್ತಿದ್ದಳು. ಬಿಸಿಲಿಗೆ ಮಾಸಿದ ರೆಕ್ಕೆ, ರಿವೆಟ್ಟಿನ ಸುತ್ತ ಹಿಡಿದ ಜಿಡ್ಡು, ಎಣ್ಣೆ ಸೋರಿದ ಗೆರೆ, ಎಲ್ಲವೂ ಪರದೆಯ ಮೇಲೆ, ಪದರದ ಮೇಲೆ ಪದರವಾಗಿ. ಪೈಲಟ್ ಕೂರುವ ಜಾಗದ ಕೆಳಗೆ ಅವನ ಹೆಸರು ಬರೆಯುತ್ತಾರೆ. ಅಕ್ಷರದ ಅಳತೆ ನೋಡುವ ನೆಪ ಮಾಡಿಕೊಂಡು ಅವಳು ಅಲ್ಲಿ, ಬೇರೆಯೇ ಒಂದು ಲೇಯರಿನಲ್ಲಿ, ಎರಡು ಹೆಸರು ಬರೆದಿದ್ದಳು. ಸೋಮಲಿಂಗ. ಮಹಾನಂದಾ.

ಮೂರು ವಾರದಿಂದ ದಿನಾ ಬೆಳಗ್ಗೆ ಆ ಲೇಯರ್ ತೆರೆದು ಕಣ್ತುಂಬ ನೋಡುವುದು, ಫೈಲ್ ಕಳಿಸುವಾಗ ಮುಚ್ಚುವುದು. ಇವತ್ತು ಮರೆತಿದ್ದಳು. ಫೈಲ್ ಹೋದದ್ದಾದರೂ ಯಾರಿಗೆ? ಅದೇ ಸೋಮಲಿಂಗನಿಗೆ!

‘ಆ ಫೈಲ್ ತಗೀಬ್ಯಾಡ್ರಿ, ಬ್ಯಾರೇದು ಕಳಸ್ತೇನಿ’ ಎಂದು ಮೆಸೇಜ್ ಹಾಕಿದಳು. ನೋಡಿದ ಗುರುತಿಗೆ ನೀಲಿ ಗೆರೆ ಮೂಡಿತು. ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ.

ಸೋಮಲಿಂಗ ಇಳಕಲ್ಲಿನ ಸಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಅವನ ಅಜ್ಜ ಮಲಕಪ್ಪ ಮಗ್ಗ ಬಿಟ್ಟು ವಾಯುಸೇನೆ ಸೇರಿ, ಇದೇ ವಿಮಾನಗಳ ಮೆಕ್ಯಾನಿಕ್ ಆಗಿದ್ದವರು. ಅಜ್ಜನಿಗೆ ಒಮ್ಮೆ ತೋರಿಸಬೇಕೆಂದು ಮೊಮ್ಮಗ ವಿಮಾನದ ಆಕಾರ ಕಟ್ಟಿದ. ಬಣ್ಣಕ್ಕೆ ಜನ ಹುಡುಕುವಾಗ ಇಂಟರ್ನೆಟ್ ಗುಂಪೊಂದರಲ್ಲಿ ಸಿಕ್ಕವಳು ಗುಳೇದಗುಡ್ಡದ ಈ ಹುಡುಗಿ. ಮನೆಯಲ್ಲಿ ಅಪ್ಪ ಗೋವಿಂದಪ್ಪ ಕುಪ್ಪಸದ ಖಣ ನೇಯುತ್ತಿದ್ದರು, ಮಗಳು ಅದರ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು.

ಮೊದಲ ಫೈಲಿಗೇ ಅವನು ಫೋನಿನಲ್ಲಿ ತಕರಾರು ತೆಗೆದಿದ್ದ.

“ಕಾಕ್‌ಪಿಟ್ ಅಂಚು ಎರಡೂ ಕಡೆ ಸವೆದೈತಲ್ರಿ?”

“ಎರಡೂ ಕಡೆ ಒಂದ ನಮೂನಿ ಇರಬೇಕಲ್ರಿ ಮತ್ತ?”

“ಪೈಲಟ್ ಎಡಕ್ಕಷ್ಟ ಏಣಿ ಹಚ್ಚಿ ಹತ್ತತಾನ್ರಿ. ಬಲಕ್ಕ ಯಾರ ಹತ್ತಿದ್ರು, ನೀವೇನು?”

ಅವಳು ಎಡಗಡೆ ಬರೆದು, ಬಲಗಡೆಗೆ ಕನ್ನಡಿಯಂತೆ ಪಡಿಯಚ್ಚು ಮಾಡಿದ್ದಳು. ಹುಟ್ಟಿದಾಗಿನಿಂದ ಖಣದ ಎರಡೂ ಅಂಚುಗಳನ್ನು ನೋಡಿದ್ದೇ ಹಾಗೆ.

“ಒಂದು ದಡಿ ಇದ್ದಂಗ ಇನ್ನೊಂದು ಇರಲಿಲ್ಲಂದ್ರ ನಮ್ಮಪ್ಪ ಆ ಖಣಾ ಮಾರಂಗಿಲ್ರಿ” ಎಂದಳು, ಸ್ವಲ್ಪ ಸಿಟ್ಟಿನಿಂದಲೇ.

ಆಚೆ ಕಡೆ ಅವನು ನಕ್ಕ. ಮುಂದಿನ ಫೋನಿನಿಂದ ಅವಳು ಕಾಯತೊಡಗಿದ್ದು ಆ ನಗೆಗೆ.

ಒಮ್ಮೆ ಭೇಟಿಯೂ ಆಗಿತ್ತು. ಜೋಡಿಗಳು ಬಾದಾಮಿಗೆ ಹೋಗಿ ಕೆರೆ ದಂಡೆಯಲ್ಲಿ ಕೂರುತ್ತಾರೆ. ಇವರಿಬ್ಬರು ಕೆರೂರಿನ ಸಂತೆಗೆ ಹೋಗಿ ಹಳೆಯ ಟ್ರ್ಯಾಕ್ಟರ್ ನೋಡಿದರು. ಬಣ್ಣ ಎಲ್ಲಿ ಮಾಸುತ್ತದೆ, ಎಲ್ಲಿ ಕಿತ್ತು ಬರುತ್ತದೆ ಎಂದು ಅವಳು ಫೋಟೋ ತೆಗೆಯುತ್ತಿದ್ದಳು. ಬಾನೆಟ್ಟಿನ ಮೇಲೆ ಬಿಸಿಲು ಹೊಳೆದಾಗ ಸೋಮಲಿಂಗ ಸರಿದು ನಿಂತು ನೆರಳು ಮಾಡಿದ. ಫೋಟೋ ಮುಗಿಯಿತು. ಅವನು ಸರಿಯಲಿಲ್ಲ. ನೆರಳು ಈಗ ಅವಳ ಮುಖದ ಮೇಲಿತ್ತು. ತಲೆಯೆತ್ತಿ ನೋಡಿದರೆ ಅವನು ಗಡಿಬಿಡಿಯಿಂದ ಟ್ರ್ಯಾಕ್ಟರಿನ ಗಾಲಿ ನೋಡತೊಡಗಿದ್ದ.

ಇಂಥ ಗೆಳೆತನವನ್ನು ಒಂದು ಲೇಯರ್ ಹಾಳು ಮಾಡಿತಲ್ಲ ಎಂದು ನಾಲ್ಕು ದಿನ ಅವಳಿಗೆ ಊಟ ಸೇರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಅವ್ವ ಮುತ್ತವ್ವ ಬಾಗಿಲಿನಿಂದ ಕೂಗಿದಳು. “ನಂದಾ, ಇಳಕಲ್ಲಿಂದ ಯಾರೋ ಬಂದಾರ ನೋಡು. ಇಮಾನದ ಮಾಸ್ತರಂತ!”

ಸೋಮಲಿಂಗ ಲ್ಯಾಪ್‌ಟಾಪ್ ಚೀಲ ಎದೆಗೆ ಅವಚಿಕೊಂಡು ನಿಂತಿದ್ದ. ಮಗಳ ಕಂಪ್ಯೂಟರಿನ ಪಕ್ಕ ಅವನನ್ನು ಕೂರಿಸಿ, ನೀರು ಕೊಟ್ಟು ಅವ್ವ ಚಹಾಕ್ಕೆಂದು ಒಳಗೆ ಹೋದಳು. ಪಕ್ಕದ ಕೋಣೆಯಲ್ಲಿ ಅಪ್ಪನ ಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು.

“ಬಾಗಲಕೋಟಿ ದವಾಖಾನ್ಯಾಗ ಅಜ್ಜನ ಕಣ್ಣಿನ ಆಪರೇಷನ್ ಇತ್ರಿ” ಎಂದ ಅವನು. “ನಿನ್ನೆ ಪಟ್ಟಿ ಬಿಚ್ಚಿದ್ರು.”

“ಈಗ ಹೆಂಗದಾರ್ರಿ?”

“ಛಲೋ ಕಾಣಾಕತ್ತೈತಂತ. ಮನಿಗೆ ಬಂದ ಕೂಡ್ಲೆ ವಿಮಾನ ತೋರಿಸಿದೆ. ಎಡಗಡೆ ನೀವು ಸವೆಸಿದ್ರಲ್ಲಾ, ಅದರ ಮ್ಯಾಲೆ ಬೆರಳಿಟ್ಟು ‘ಇಲ್ಲೇ, ಇಲ್ಲೇ ಕಾಲಿಡತಿದ್ರು’ ಅಂತ ಅತ್ತಬಿಟ್ರು.”

ಮಹಾನಂದಾಳ ಕಣ್ಣೂ ತುಂಬಿದವು. ಅಷ್ಟಕ್ಕೇ ಮಾತು ಮುಗಿದಿದ್ದರೆ ಚೆನ್ನಾಗಿತ್ತು.

“ಆಮ್ಯಾಲೆ ಹೆಸರು ಓದಿದ್ರು. ಗಟ್ಟಿಯಾಗಿ. ಮನಿಮಂದಿ ಎಲ್ಲಾ ಅಲ್ಲೇ ಇದ್ರು. ‘ಲೇ, ಇದು ಒಬ್ಬನ ಕೂಡೋ ಇಮಾನ, ಎರಡು ಹೆಸರು ಹೆಂಗ ಬಂದುವು?’ ಅಂದ್ರು.”

ಅವಳ ಕಿವಿ ಕೆಂಪಾದವು. “ತಪ್ಪಾತ್ರಿ. ಈಗ ಅಳಸ್ತೇನಿ” ಎಂದು ಮೌಸಿಗೆ ಕೈ ಹಾಕಿದಳು.

“ತಡೀರಿ. ತಪ್ಪು ಖರೇನ ಆಗೈತಿ. ಬಲಗಡೆ ನೋಡ್ರಿ.”

ಅವನು ಪರದೆಯ ವಿಮಾನವನ್ನು ಮೆಲ್ಲಗೆ ತಿರುಗಿಸಿದ. ಬಲಗಡೆ ಎರಡೂ ಹೆಸರು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದ್ದವು. ಅಂಚಿನ ಸವೆತ ತಿದ್ದಿದವಳು ಹೆಸರಿಗೆ ಮಾತ್ರ ಹಳೆಯ ಪಡಿಯಚ್ಚನ್ನೇ ಬಿಟ್ಟಿದ್ದಳು.

“ನಿಮ್ಮ ದಡಿ ಬುದ್ಧಿ ಇನ್ನೂ ಹೋಗಿಲ್ಲ” ಎಂದ.

“ಅದಕ್ಕ ಅಳಸ್ತೇನಿ ಅಂದ್ನೆಲ್ರಿ.”

“ಅಳಸ್ರಿ ಅಂತ ನಾ ಎಲ್ಲಿ ಅಂದೆ? ಸರಿ ಮಾಡ್ರಿ ಅನ್ನಾಕ ಬಂದೇನಿ. ಎರಡು ಬಸ್ ಬದಲಿ ಮಾಡಿ.”

ಐದು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

“ಒಂದು ಮೆಸೇಜ್ ಹಾಕಿದ್ರ ಏನಾಗತಿತ್ರಿ? ನನ್ನ ಜೀವಾ ಹೋಗೋದಷ್ಟ ಬಾಕಿ ಇತ್ತು.”

“ಮೂರು ಸಲ ಬರದು ಮೂರೂ ಸಲ ಅಳಿಸಿದೆ. ಫೋನಿನ್ಯಾಗ ಹೇಳೋ ಮಾತಲ್ಲ ಅನಸ್ತು.”

“ಮತ್ತ ಅಜ್ಜಗ ಏನಂತ ಹೇಳಿದ್ರಿ?”

ಸೋಮಲಿಂಗ ತಲೆ ತಗ್ಗಿಸಿದ. “‘ಇದು ನಾ ಬರೀಬೇಕಾದದ್ದು ಅಜ್ಜಾ, ಧೈರ್ಯ ಸಾಲಲಿಲ್ಲ. ಆಕಿ ಬರದಾಳ’ ಅಂದೆ.”

ಅವಳು ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕುಳಿತಳು. ಬಲಗಡೆಯನ್ನು ಪಡಿಯಚ್ಚಿನಿಂದ ಬಿಡಿಸಿ, ಹೊಸದಾಗಿ ಅಕ್ಷರ ತಿದ್ದತೊಡಗಿದಳು.

“ಈ ಕಡೆ ನಿನ್ನ ಹೆಸರು ಮೊದಲ ಇರ್ಲಿ” ಎಂದ ಅವನು. ಮೊದಲ ಸಲ ‘ನಿನ್ನ’ ಎಂದಿದ್ದ. ಅವಳು ಕೇಳಿಯೂ ಕೇಳದವಳಂತೆ ಬರೆಯುತ್ತಲೇ ಇದ್ದಳು.

ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಪಕ್ಕದ ಕೋಣೆಯ ಮಗ್ಗದ ಸಪ್ಪಳ ಯಾವಾಗಲೋ ನಿಂತಿತ್ತು. ಅಪ್ಪ ಎಲ್ಲ ಕೇಳಿಸಿಕೊಂಡಿದ್ದರು. ಸೋಮಲಿಂಗ ಎದ್ದೇ ನಿಂತ.

“ಏ ಇವಳೇ,” ಒಳಗಿನಿಂದ ಗೋವಿಂದಪ್ಪನವರ ದನಿ ಬಂತು, “ಮಾಸ್ತರಗ ಬರೇ ಚಾ ಕೊಟ್ಟು ಕಳಸಬ್ಯಾಡ. ಉಂಡ ಹೋಗ್ಲಿ.”

ಮಗ್ಗ ಮತ್ತೆ ಶುರುವಾಯಿತು.