ಒಡೆಯದ ಲಕೋಟೆ

ಗೇಟಿಗೆ ನೇತುಹಾಕಿದ್ದ ಚೀಲವನ್ನು ಸರ್ವಮಂಗಳಮ್ಮ ಬಿಚ್ಚಿದಳು. ಒಳಗೆ ಒಂದು ಫ್ರಾಕು, ಒಂದು ಜೊತೆ ಪುಟ್ಟ ಚಿನ್ನದ ಓಲೆ, 'ಮಗು ಹುಟ್ಟಿದ ದಿನಕ್ಕೆ' ಎಂಬ ಚೀಟಿ.

ಐದು ವರ್ಷದ ಇಂಪನಾ ಅವಳ ದತ್ತುಮಗಳು. ಗುಬ್ಬಿಯಲ್ಲಿ ಹಬ್ಬ ಮಾಡುತ್ತಿದ್ದುದು ಮಗು ಮನೆಗೆ ಬಂದ ದಿನ. ನಿಜವಾದ ದಿನ ಬರೆದಿದ್ದುದು ಕುಣಿಗಲ್‌ನ ಶಿಶುಗೃಹದ ಫೈಲಿನಲ್ಲಿ ಮಾತ್ರ. ಅವಳು ಚೀಲ ಹಿಡಿದು ಪಕ್ಕದ ಮನೆಗೆ ಓಡಿದಳು.

"ಹೆತ್ತೋರ ಕಡೆಯೋರು ಮನೆ ಪತ್ತೆ ಮಾಡವ್ರೆ ಕಣಣ್ಣ. ನನ್ನ ಮಗೂನ ಕಿತ್ಕೊಂಡ್ ಹೋಗ್ತಾರೆ!"

ಪಕ್ಕದ ಮನೆಯ ಗಂಗಹನುಮಯ್ಯ ನಿವೃತ್ತ ಪೋಸ್ಟ್‌ಮ್ಯಾನ್. ಊರಲ್ಲಿ ಏನೇ ಕಳೆದರೂ ಜನ ಮೊದಲು ಬರುತ್ತಿದ್ದುದು ಅವನ ಜಗಲಿಗೆ. ಅವನು ಫ್ರಾಕನ್ನು ಇಂಪನಾಗೆ ತೊಡಿಸಿ ನೋಡಿದ. ಗುಂಡಿ ಕೂಡಲಿಲ್ಲ.

"ಅಳುವಂಥದ್ದೇನಿಲ್ಲ, ನಡಿ ಕುಣಿಗಲ್‌ಗೆ" ಎಂದ.

ಶಿಶುಗೃಹದ ಫೈಲು ನೋಡಿಕೊಳ್ಳುವ ಅಕ್ಷತಾ ಫೋನಿನಲ್ಲಿ ಸುದ್ದಿ ತಿಳಿದು ಆಗಲೇ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು. "ಪಾಸ್‌ವರ್ಡ್ ಇರೋದು ನನ್ನತ್ರ ಮಾತ್ರ, ಅದಕ್ಕೇ ಎಲ್ಲಾ ನನ್ನೇ ಅನುಮಾನದಿಂದ ನೋಡ್ತಾರೆ. ಫೈಲೆಲ್ಲ ಬೀಗ ಹಾಕಿ ತುಮಕೂರಿನ ಸರ್ವರಲ್ಲಿ ಇಟ್ಟಿದೀವಿ ಸಾರ್. ಹುಡುಕೋ ಹೆಸರಿಗೂ ಬೀಗ ಹಾಕೇ ಕಳಿಸ್ತೀವಿ. ಹೊಂದೋ ಫೈಲು ಬೀಗದ ಸಮೇತ ವಾಪಸ್ ಬರುತ್ತೆ, ಇಲ್ಲಿ ತೆಗೀತೀವಿ. ಸರ್ವರಿನೋರು ಒಂದಕ್ಷರಾನೂ ಓದಕ್ಕಾಗಲ್ಲ."

"ಇಂಪನಾ ಫೈಲ್ ಯಾವಾಗ ತರಿಸ್ತೀಯವ್ವ?"

"ವರ್ಷಕ್ಕೊಂದ್ಸಲ, ಮಗೂನ ನೋಡ್ಕೊಂಡ್ ಬರೋಕೆ ಅವರ ಮನೆಗೆ ಹೊರಡೋ ದಿನ ಬೆಳಿಗ್ಗೆ."

"ಸರ್ವರ್ ನೋಡ್ಕೊಳೋನ್ನ ಕರೆಸು."

ತುಮಕೂರಿನ ಸದಾಶಿವನಗರದಿಂದ ಸರ್ವರ್ ನೋಡಿಕೊಳ್ಳುವ ಭಾನುಪ್ರಕಾಶ್ ಮಧ್ಯಾಹ್ನ ಬಂದ. ನಾಲ್ವರೂ ಕೂತರು.

"ಮೂವತ್ತು ವರ್ಷ ಟಪಾಲು ಹಂಚ್ದೆ" ಎಂದ ಗಂಗಹನುಮಯ್ಯ. "ಒಂದು ಲಕೋಟೇನೂ ಒಡೀಲಿಲ್ಲ. ಆದ್ರೂ ಯಾವೂರಿಂದ ಯಾರಿಗೆ ಎಷ್ಟು ಸಲ ಬಂತು ಅನ್ನೋದ್ರಲ್ಲೇ ಯಾರ ಮನೇಲಿ ಮದುವೆ ಮಾತು ಅಂತ ಗೊತ್ತಾಗೋದು. ಹಂಗೇ ಸರ್ವರಿನೋನಿಗೂ ಓದದೇನೇ ಯಾವ ಫೈಲು ಯಾವತ್ತು ಬಂತು, ಯಾವತ್ತು ಹೋಯ್ತು ಅಂತ ಕಾಣುತ್ತೆ. ಅಕ್ಷತಾ ಮಗೂನ ವರ್ಷಾ ವರ್ಷಾ ನೋಡವ್ಳೆ, ಅವಳು ತಂದಿದ್ರೆ ಫ್ರಾಕು ಬಿಗಿಯಾಗ್ತಿರ್ಲಿಲ್ಲ. ತಂದೋನು ಮಗೂನ ನೋಡೇ ಇಲ್ಲ. ಕಿವಿ ಚುಚ್ಚೋಕೆ ಓಲೆ ತರೋನು ಸೋದರಮಾವ. ಅವನ ಅಕ್ಕ ಮಗೂನ ಇಲ್ಲಿಗೆ ಒಪ್ಪಿಸಿದ ದಿನ ಸರ್ವರಿಗೆ ಹೊಸದಾಗಿ ಬಂದಿದ್ದು ಒಂದೇ ಫೈಲು ಇರ್ಬೇಕು. ಅದನ್ನ ಗುರುತಿಟ್ಕೊಂಡ. ಅದನ್ನ ಅಕ್ಷತಾ ತರಿಸ್ಕೊಂಡ ದಿನ, ಕುಣಿಗಲ್‌ನೋರು ಬಸ್ ಬದಲಾಯಿಸೋ ತುಮಕೂರು ಬಸ್‌ಸ್ಟ್ಯಾಂಡಲ್ಲಿ ಅವಳಿಗೆ ಕಾದ, ಗುಬ್ಬಿ ಬಸ್ಸಿನ ಹಿಂದೆ ಬಂದ. ಹೌದೇನಪ್ಪಾ?"

ಭಾನುಪ್ರಕಾಶ್ ತಲೆ ತಗ್ಗಿಸಿದ. "ಅಕ್ಕ ಹೋದ ತಿಂಗಳು ತೀರ್ಕೊಂಡ್ಳು. ಓಲೆ ಅವಳ್ದೇ, ಚಿಕ್ಕದು ಮಾಡಿಸ್ದೆ. ಅವತ್ತು ಬೀದಿ ಮೂಲೇಲೇ ನಿಂತೆ, ಮಗು ಮುಖ ನೋಡೋ ಧೈರ್ಯ ಬರ್ಲಿಲ್ಲ. ಮಗೂನ ಕೇಳೋಕೆ ಬರಲ್ಲಮ್ಮ, ಅವಳು ನಿಮ್ಮೋಳು. ನಾನು ಮಾಡಿದ್ದು ತಪ್ಪು, ಈ ಕೆಲಸ ಬಿಡ್ತೀನಿ."

"ಬಿಡ್ಲೇಬೇಕು" ಎಂದು ಗಂಗಹನುಮಯ್ಯ ಅಕ್ಷತಾಳ ಕಡೆ ತಿರುಗಿದ. "ಇನ್ಮೇಲೆ ಒಂದು ಫೈಲು ಬೇಕಾದಾಗ ಹತ್ತು ತರಿಸವ್ವ. ಅದ್ರಲ್ಲಿ ಬೇಕಿದ್ದಿದ್ದು ಯಾವುದು ಅಂತ ಯಾರಿಗೂ ತಿಳೀಬಾರ್ದು."

ಸರ್ವಮಂಗಳಮ್ಮ ಚೀಲದಿಂದ ಓಲೆ ತೆಗೆದು ಅಂಗೈಯಲ್ಲಿ ತಿರುಗಿಸಿದಳು. ಅವಳಿಗೆ ಒಡಹುಟ್ಟಿದವರಿರಲಿಲ್ಲ. ಕೂರಿಸಿಕೊಳ್ಳಲು ಸೋದರಮಾವನಿಲ್ಲವೆಂದೇ ಇಂಪನಾಗೆ ಇನ್ನೂ ಕಿವಿ ಚುಚ್ಚಿಸಿರಲಿಲ್ಲ.

"ಕಳ್ಳನ ತರ ಗೇಟಿಗೆ ನೇತಾಕೋದು ಇನ್ನೊಂದ್ಸಲ ಮಾಡಿದ್ರೆ ಕಾಲು ಮುರೀತೀನಿ" ಎಂದಳು. "ಸೋಮವಾರ ಮನೆಗೆ ಬಾ. ಅವಳು ಭಾಳ ಒದ್ದಾಡ್ತಾಳೆ, ತೊಡೆ ಮೇಲೆ ಗಟ್ಟಿಯಾಗಿ ಹಿಡ್ಕೋಬೇಕು."